ಕಣ್ಣಿನ ಪರೀಕ್ಷೆಯಲ್ಲಿ ಏನೇನು ಗೊತ್ತಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣಿನ ಪರೀಕ್ಷೆ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಗೋಡೆ ಮೇಲಿನ ಅಕ್ಷರಗಳ ಬೋರ್ಡು. ಓದಿದೆವು, ನಂಬರ್ ಬಂತು, ಕನ್ನಡಕ ಬಂತು, ಮುಗೀತು. ನಿಜ ಹೇಳಬೇಕೆಂದರೆ ನಂಬರ್ ಅನ್ನುವುದು ಆ ಪರೀಕ್ಷೆಯ ಒಂದು ಸಣ್ಣ ತುಂಡು. ಉಳಿದದ್ದರ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಪರೀಕ್ಷೆ ಯಾಕೆ ಬೇಕು?

ಚೆನ್ನಾಗಿ ಕಾಣುವುದು ಬೇರೆ, ಕಣ್ಣು ಚೆನ್ನಾಗಿರುವುದು ಬೇರೆ.

ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಇವೆಲ್ಲ ನಡೆಯುವುದು ಕಣ್ಣಿನ ಹಿಂಭಾಗದ ಪದರದ ನಡುವೆ ಇರುವ ಒಂದು ಚಿಕ್ಕ ಜಾಗದಿಂದ. ಆ ಪದರಕ್ಕೆ ರೆಟಿನಾ ಅನ್ನುತ್ತಾರೆ, ಆ ಜಾಗಕ್ಕೆ ಮ್ಯಾಕುಲಾ. ಮ್ಯಾಕುಲಾದ ಅಗಲ ಸುಮಾರು 5 ಮಿ.ಮೀ. ಅಷ್ಟು ಸರಿಯಿದ್ದರೆ ಸಾಕು, ಬೋರ್ಡಿನ ಕೊನೆಯ ಸಾಲನ್ನೂ ಓದಿಬಿಡಬಹುದು. ಸುತ್ತಲಿನ ಜಾಗದಲ್ಲಿ ರಕ್ತ ಸೋರುತ್ತಿರಬಹುದು, ನರದ ಎಳೆಗಳು ಒಂದೊಂದಾಗಿ ಸಾಯುತ್ತಿರಬಹುದು. ಬೋರ್ಡಿಗೆ ಅದೇನೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. ಒಂದು ಕಣ್ಣು ಮಂದವಾದರೆ ಇನ್ನೊಂದು ಕಣ್ಣು ಸದ್ದಿಲ್ಲದೆ ಅದರ ಕೆಲಸವನ್ನೂ ಹೊತ್ತುಕೊಳ್ಳುತ್ತದೆ. ಧೂಳು ಬಿದ್ದು ಒಂದು ಕಣ್ಣು ಉಜ್ಜಿಕೊಳ್ಳುವಾಗ ‘ಅರೆ, ಈ ಕಡೆ ಮಂಜಾಗಿದೆಯಲ್ಲ’ ಅಂತ ಮೊದಲ ಸಲ ಗೊತ್ತಾದವರು ಬೇಕಾದಷ್ಟು ಜನ ಇದ್ದಾರೆ. ಇದನ್ನು ಓದುತ್ತಾ ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಎರಡೂ ಒಂದೇ ಥರ ಕಾಣುತ್ತಿದೆಯೇ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದೃಷ್ಟಿಯ ಬಗ್ಗೆ ಒಂದು ವರದಿ ತಂದಿತು. ಅದರ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ಹತ್ತಿರದ್ದೋ ದೂರದ್ದೋ ದೃಷ್ಟಿದೋಷ ಇದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರದ್ದು ತಡೆಯಬಹುದಾಗಿದ್ದ ಅಥವಾ ಇನ್ನೂ ಚಿಕಿತ್ಸೆ ಸಿಗದ ತೊಂದರೆ.

ಕಂಪ್ಯೂಟರ್ ಚೆಕಪ್ ಮಾಡಿಸಿದ್ದೇನೆ. ಅದು ಸಾಕಲ್ವಾ?

ಸಾಲದು. ಗಲ್ಲ ಊರಿ ಕೂತರೆ ದೂರದಲ್ಲಿ ಬಲೂನೋ ಮನೆಯೋ ತೋರಿಸುವ ಆ ಮೆಷಿನ್ ಕನ್ನಡಕದ ನಂಬರಿನ ಅಂದಾಜು ಕೊಡುತ್ತದೆ, ಅಷ್ಟೆ. ಚಿತ್ರ ಮಸುಕಾಗಿ ಮತ್ತೆ ಸ್ಪಷ್ಟವಾಗುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಅದು ಕಣ್ಣಿನ ನರವನ್ನೂ ನೋಡುವುದಿಲ್ಲ, ರಕ್ತನಾಳವನ್ನೂ ನೋಡುವುದಿಲ್ಲ. ‘ಕಂಪ್ಯೂಟರ್’ ಅನ್ನುವ ಹೆಸರಿನಿಂದ ಅದಕ್ಕೆ ಇಲ್ಲದ ದೊಡ್ಡಸ್ತಿಕೆ ಬಂದುಬಿಟ್ಟಿದೆ.

ಪೂರ್ತಿ ಪರೀಕ್ಷೆ ಅಂದರೆ ದೃಷ್ಟಿ, ನಂಬರ್, ಪಾಪೆ ಬೆಳಕಿಗೆ ಕುಗ್ಗುವ ರೀತಿ, ಕಣ್ಣಿನ ಚಲನೆ, ಒತ್ತಡ, ಮುಂಭಾಗ, ಪಾಪೆ ಹಿಗ್ಗಿಸಿ ಹಿಂಭಾಗ. ಇಷ್ಟೂ ಆಗಬೇಕು.

6/6 ಅಂದರೆ ಏನು?

ಸಾಮಾನ್ಯ ಕಣ್ಣು 6 ಮೀಟರ್ ದೂರದಿಂದ ಓದುವುದನ್ನು ನೀವೂ 6 ಮೀಟರಿನಿಂದ ಓದುತ್ತೀರಿ ಅಂತ. 6/60 ಅಂದರೆ ಬೇರೆಯವರು 60 ಮೀಟರಿನಿಂದ ಓದುವಷ್ಟು ದೊಡ್ಡ ಅಕ್ಷರವನ್ನು ನೀವು 6 ಮೀಟರಿಗೆ ಬಂದು ಓದುತ್ತೀರಿ. ಅಡಿ ಲೆಕ್ಕದಲ್ಲಿ ಬರೆಯುವ ಕಡೆ ಇದೇ 20/20 ಆಗುತ್ತದೆ. ಈ ಬೋರ್ಡನ್ನು 1862ರಲ್ಲಿ ರೂಪಿಸಿದವರು ನೆದರ್ಲೆಂಡ್ಸಿನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್. ನೂರೈವತ್ತು ವರ್ಷ ದಾಟಿದರೂ ಬೋರ್ಡು ಗೋಡೆಯಿಂದ ಇಳಿದಿಲ್ಲ.

ಡಾಕ್ಟರು ಬೆಳಕು ಬಿಟ್ಟು ಕಣ್ಣೊಳಗೆ ನೋಡುತ್ತಾರಲ್ಲ, ಅವರಿಗೆ ಏನು ಕಾಣುತ್ತದೆ?

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ತುಂಬ ಸ್ವಾರಸ್ಯ ಇರುವುದು ಇಲ್ಲೇ.

ದೇಹದ ಬೇರೆ ಯಾವ ರಕ್ತನಾಳ ನೋಡಬೇಕಾದರೂ ಚರ್ಮ ಕೊಯ್ಯಬೇಕು, ಇಲ್ಲವೇ ಸ್ಕ್ಯಾನ್ ಮಾಡಬೇಕು. ಕಣ್ಣಿನಲ್ಲಿ ಹಾಗಿಲ್ಲ. ಕಣ್ಣಿನ ಮುಂಭಾಗ ಪೂರ್ತಿ ಪಾರದರ್ಶಕ. ಅದರ ಮೂಲಕ ಇಣುಕಿದರೆ ಕಿತ್ತಳೆ ಕೆಂಪು ಬಣ್ಣದ ನೆಲ ಕಾಣುತ್ತದೆ. ಅದರ ಮೇಲೆ ಮರದ ಕೊಂಬೆಗಳ ಹಾಗೆ ಹರಡಿಕೊಂಡ ರಕ್ತನಾಳಗಳು. ಅವೆಲ್ಲ ಸೇರುವ ಕಡೆ ತಿಳಿ ಹಳದಿ ಬಣ್ಣದ ದುಂಡನೆಯ ಬಿಲ್ಲೆ. ಆ ಬಿಲ್ಲೆಯೇ ಕಣ್ಣಿನ ನರದ ತುದಿ. ಸುಮಾರು ಹತ್ತು ಲಕ್ಷಕ್ಕೂ ಹೆಚ್ಚು ನರದ ಎಳೆಗಳು ಅಲ್ಲಿ ಒಟ್ಟಾಗಿ ಮೆದುಳಿಗೆ ಹೋಗುತ್ತವೆ. ಅಂದರೆ ಹರಿಯುವ ರಕ್ತ ಮತ್ತು ಮೆದುಳಿನದೇ ಒಂದು ತುಂಡು, ಎರಡನ್ನೂ ಕೊಯ್ಯದೆ ನೇರವಾಗಿ ನೋಡಿದ ಹಾಗೆ.

ಹಾಗಾದರೆ ಬರಿಗಣ್ಣಿಗೆ ಪಾಪೆ ಕಪ್ಪಾಗಿ ಕಾಣುವುದೇಕೆ? ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅದನ್ನು ಹಿಡಿಯಲು ನಿಮ್ಮ ಕಣ್ಣು ದೀಪ ಇರುವ ಜಾಗದಲ್ಲೇ ಇರಬೇಕು. ಅಲ್ಲಿ ತಲೆ ಇಟ್ಟರೆ ದೀಪಕ್ಕೇ ಅಡ್ಡ! 1851ರಲ್ಲಿ ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಇದಕ್ಕೊಂದು ಉಪಾಯ ಪ್ರಕಟಿಸಿದರು. ಪಕ್ಕದಲ್ಲಿಟ್ಟ ದೀಪದ ಬೆಳಕನ್ನು ಗಾಜಿನ ತುಂಡುಗಳಿಂದ ಕಣ್ಣೊಳಗೆ ತಿರುಗಿಸುವುದು, ಅದೇ ಗಾಜಿನ ಮೂಲಕ ನೋಡುವುದು. ಅಲ್ಲಿಯವರೆಗೆ ಬದುಕಿರುವ ಮನುಷ್ಯನ ರೆಟಿನಾ ನೋಡಲು ಡಾಕ್ಟರುಗಳಿಗೆ ದಾರಿಯೇ ಇರಲಿಲ್ಲ. ಫ್ಲ್ಯಾಷ್ ಫೋಟೋದಲ್ಲಿ ಪಾಪೆ ಕೆಂಪಗೆ ಬರುವುದೂ ಇದೇ ಲೆಕ್ಕದಿಂದ. ಕ್ಯಾಮೆರಾ ಮತ್ತು ಫ್ಲ್ಯಾಷ್ ಅಕ್ಕಪಕ್ಕ ಇರುತ್ತವೆ, ಅದಕ್ಕೇ.

ಪಾಪೆ ದೊಡ್ಡದು ಮಾಡುವ ಡ್ರಾಪ್ಸ್ ಹಾಕಿಸಿಕೊಳ್ಳಲೇಬೇಕಾ? ಅರ್ಧ ದಿನ ಹಾಳಾಗುತ್ತದೆ.

ಹಾಳಾಗುವುದು ನಿಜ. ಯಾವುದಕ್ಕೋ ತವಕದಿಂದ ಕಾಯುವುದಕ್ಕೆ ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು’ ಅನ್ನುತ್ತೇವೆ. ಇಲ್ಲಿ ಡ್ರಾಪ್ಸ್ ಬಿಟ್ಟುಕೊಂಡು ಅರ್ಧ ಗಂಟೆ ಕಾಯಬೇಕು. ಆಮೇಲೆ 4ರಿಂದ 6 ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಕೆಲವರಿಗೆ ಇನ್ನೂ ಜಾಸ್ತಿ ಹೊತ್ತು.

ಆದರೂ ಹಾಕಿಸಿಕೊಳ್ಳಿ. ಪಾಪೆ ಚಿಕ್ಕದಿದ್ದಾಗ ಒಳಗೆ ನೋಡುವುದು ಬೀಗದ ಕಿಂಡಿಯಿಂದ ಕೋಣೆ ನೋಡಿದ ಹಾಗೆ. ನಡುವೆ ಇರುವ ಮೇಜು ಕಾಣುತ್ತದೆ, ಮೂಲೆ ಕಾಣುವುದಿಲ್ಲ. ರೆಟಿನಾ ಹರಿಯಲು ಶುರುವಾಗುವುದು ಹೆಚ್ಚಾಗಿ ಆ ಮೂಲೆಗಳಲ್ಲೇ.

ಆ ದಿನ ಗಾಡಿ ಓಡಿಸಬೇಡಿ. ತಂಪು ಕನ್ನಡಕ ಇಟ್ಟುಕೊಳ್ಳಿ. ಕಣ್ಣಿನೊಳಗಿನ ನೀರು ಹೊರಹೋಗುವ ಕೋನ ಕಿರಿದಾಗಿದೆ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಡ್ರಾಪ್ಸ್ ಹಾಕುವ ಮುಂಚೆ ತಿಳಿಸಿ. ಅಂಥವರಿಗೆ ಪಾಪೆ ಹಿಗ್ಗಿದಾಗ ಒತ್ತಡ ಒಮ್ಮೆಲೇ ಏರಬಹುದು.

ಕಣ್ಣಿಗೆ ಪುಸ್ಸೆಂದು ಗಾಳಿ ಊದುವ ಮೆಷಿನ್ ಏನು ಅಳೆಯುತ್ತದೆ?

ಕಣ್ಣಿನ ಒಳಗಿನ ಒತ್ತಡ. ಗಾಳಿ ತಾಕಿದಾಗ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಎಷ್ಟು ಸುಲಭವಾಗಿ ಚಪ್ಪಟೆಯಾಗುತ್ತದೆ ಅಂತ ಅದು ನೋಡುತ್ತದೆ. ಎಷ್ಟು ಸಲ ಮಾಡಿಸಿದರೂ ನಾನು ಬೆಚ್ಚಿಬೀಳುತ್ತೇನೆ, ಅದು ಬೇರೆ ಮಾತು. ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದ ನಡುವೆ ಇರುತ್ತದೆ. ಸಂದೇಹ ಇದ್ದರೆ ಮರಗಟ್ಟಿಸುವ ಡ್ರಾಪ್ಸ್ ಹಾಕಿ, ನೀಲಿ ಬೆಳಕಿನಲ್ಲಿ ಕಾರ್ನಿಯಾಗೆ ಮೆಲ್ಲಗೆ ತಾಗಿಸಿ ಅಳೆಯುತ್ತಾರೆ. ಅದನ್ನು ಹೆಚ್ಚು ನಂಬಬಹುದು.

ಒತ್ತಡ ನಾರ್ಮಲ್ ಬಂದರೆ ಗ್ಲಾಕೋಮಾ ಇಲ್ಲ ಅಂತ ಅರ್ಥವೇ?

ಅಲ್ಲ. ಇದನ್ನು ಒತ್ತಿ ಹೇಳಬೇಕು. ಗ್ಲಾಕೋಮಾ ಅಂದರೆ ಕಣ್ಣಿನ ನರದ ಎಳೆಗಳು ಮೆಲ್ಲಗೆ ಸಾಯುವ ಕಾಯಿಲೆ. ಒತ್ತಡ 21ರ ಒಳಗಿದ್ದೂ ಗ್ಲಾಕೋಮಾ ಬರುತ್ತದೆ. ಒತ್ತಡ ಹೆಚ್ಚಿದ್ದೂ ವರ್ಷಗಟ್ಟಲೆ ನರಕ್ಕೆ ಏನೂ ಆಗದವರಿದ್ದಾರೆ. ಅದರ ಮೇಲೆ ಕಾರ್ನಿಯಾದ ದಪ್ಪವೂ ಲೆಕ್ಕ ತಪ್ಪಿಸುತ್ತದೆ. ಸಾಮಾನ್ಯವಾಗಿ ಅದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಸುಮಾರು 540 ಮೈಕ್ರಾನ್. ಕಾರ್ನಿಯಾ ತೆಳುವಾಗಿದ್ದರೆ ಮೆಷಿನ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ದಪ್ಪಗಿದ್ದರೆ ಜಾಸ್ತಿ.

ಹಾಗಾಗಿ ಡಾಕ್ಟರು ನರದ ಬಿಲ್ಲೆಯನ್ನೇ ನೋಡುತ್ತಾರೆ. ಅದರ ನಡುವೆ ಬಟ್ಟಲಿನ ಹಾಗೆ ಒಂದು ತಗ್ಗು ಇರುತ್ತದೆ. ನರದ ಎಳೆಗಳು ಸತ್ತಂತೆ ಅಂಚು ಸವೆದು ತಗ್ಗು ಅಗಲವಾಗುತ್ತದೆ. ಬಿಲ್ಲೆಯಲ್ಲಿ ಬಟ್ಟಲು ಎಷ್ಟು ಪಾಲು ಅನ್ನುವುದನ್ನು 0.3, 0.6 ಅಂತ ಬರೆದಿಡುತ್ತಾರೆ. ನಿಮ್ಮ ಚೀಟಿಯಲ್ಲಿ ಅಂಥ ಅಂಕಿ ಕಂಡರೆ ಅದು ಇದೇ. ಒಂದು ಸಲದ ಅಂಕಿಗಿಂತ ವರ್ಷದಿಂದ ವರ್ಷಕ್ಕೆ ಅದು ಬದಲಾಗುತ್ತಿದೆಯೇ ಅನ್ನುವುದು ಮುಖ್ಯ. ಹಳೆಯ ಚೀಟಿ ಎಸೆಯಬೇಡಿ ಅನ್ನುವುದು ಅದಕ್ಕೇ.

ಈ ಕಾಯಿಲೆಯ ಸಾಮಾನ್ಯ ರೂಪದಲ್ಲಿ ನೋವಿಲ್ಲ, ಕೆಂಪಿಲ್ಲ, ಏನಿಲ್ಲ. ನೋಟ ಅಂಚಿನಿಂದ ಕರಗುತ್ತಾ ಬರುತ್ತದೆ. ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ಅಪ್ಪ, ಅಮ್ಮ, ಅಣ್ಣ, ತಂಗಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಮನೆಯ ಉಳಿದವರೂ ತೋರಿಸಿಕೊಳ್ಳಬೇಕು.

ಶುಗರ್ ಇದೆ. ಕಣ್ಣಿಗೂ ಅದಕ್ಕೂ ಏನು ಸಂಬಂಧ?

ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಸಣ್ಣ ರಕ್ತನಾಳಗಳ ಗೋಡೆ ಹಾಳಾಗುತ್ತದೆ. ಮೂತ್ರಪಿಂಡದಲ್ಲೂ ಅದೇ, ಕಾಲಿನ ನರಕ್ಕೆ ರಕ್ತ ಕೊಡುವ ನಾಳಗಳಲ್ಲೂ ಅದೇ. ಕಣ್ಣಿನಲ್ಲಿ ಮಾತ್ರ ಅದು ಕಣ್ಣಾರೆ ಕಾಣುತ್ತದೆ.

ಮೊದಲು ನಾಳದ ಗೋಡೆ ಅಲ್ಲಲ್ಲಿ ಉಬ್ಬುತ್ತದೆ. ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಕಾಣುತ್ತವೆ. ಆಮೇಲೆ ಅವು ಸೋರುತ್ತವೆ. ರಕ್ತದ ಕಲೆಗಳು, ಕೊಬ್ಬಿನ ಹಳದಿ ಕಲೆಗಳು ಬರುತ್ತವೆ. ಕೆಲವು ನಾಳಗಳು ಮುಚ್ಚಿಹೋಗಿ ರೆಟಿನಾಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಆಗ ಅದು ‘ಹೊಸ ನಾಳ ಬೇಕು’ ಅಂತ ರಾಸಾಯನಿಕ ಸಂದೇಶ ಕಳಿಸುತ್ತದೆ. ಹೊಸ ನಾಳಗಳು ಬರುತ್ತವೆ, ಆದರೆ ಗಟ್ಟಿ ಇಲ್ಲ. ಅವು ಒಡೆದು ಕಣ್ಣೊಳಗೆ ರಕ್ತ ತುಂಬಬಹುದು. ಗಾಯ ಕಟ್ಟಿದ ಹಾಗೆ ಎಳೆದು ರೆಟಿನಾವನ್ನೇ ಕಿತ್ತುಹಾಕಬಹುದು.

ಬೇಸರದ ಸಂಗತಿ ಅಂದರೆ ಇಷ್ಟೆಲ್ಲ ನಡೆಯುವಾಗಲೂ ಬಹಳ ದಿನ ಓದಲು ಬರುತ್ತಲೇ ಇರುತ್ತದೆ. ಕಾಣುವುದು ಕಡಿಮೆಯಾಗಲಿ, ಆಮೇಲೆ ಹೋಗೋಣ ಅಂತ ಕೂತರೆ ತಡವಾಗುತ್ತದೆ. ಲೇಸರ್, ಕಣ್ಣಿಗೆ ಕೊಡುವ ಇಂಜೆಕ್ಷನ್ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಬೇಗ ಮಾಡಿಸಿದಷ್ಟೂ ಹೆಚ್ಚು ದೃಷ್ಟಿ ಉಳಿಯುತ್ತದೆ.

ದೊಡ್ಡವರಿಗೆ ಬರುವ ಎರಡನೇ ಬಗೆಯ ಸಕ್ಕರೆ ಕಾಯಿಲೆಯಾದರೆ ಗೊತ್ತಾದ ಕೂಡಲೇ ಕಣ್ಣು ತೋರಿಸಬೇಕು. ಯಾಕೆಂದರೆ ಗೊತ್ತಾಗುವ ಹೊತ್ತಿಗೆ ಅದು ಬಂದು ಎಷ್ಟೋ ವರ್ಷ ಆಗಿರಬಹುದು. ಮೊದಲನೇ ಬಗೆಯದಾದರೆ 5 ವರ್ಷದೊಳಗೆ. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ತೊಂದರೆ ಕಂಡರೆ ಇನ್ನೂ ಬೇಗ. ಮೊದಲೇ ಶುಗರ್ ಇರುವ ಹೆಣ್ಣುಮಕ್ಕಳು ಬಸುರಿಯಾದರೆ ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು. ಆಗ ಇದು ವೇಗವಾಗಿ ಹೆಚ್ಚಾಗಬಹುದು.

ಕೆಲವೇ ದಿನಗಳಲ್ಲಿ ನನ್ನ ಕನ್ನಡಕದ ನಂಬರ್ ಬದಲಾಯಿತು. ಶುಗರ್ ಇರಬಹುದಾ?

ಇರಬಹುದು. ರಕ್ತದಲ್ಲಿ ಸಕ್ಕರೆ ಏರಿಳಿದರೆ ಕಣ್ಣಿನ ಲೆನ್ಸಿನಲ್ಲಿ ನೀರಿನ ಅಂಶ ಹೆಚ್ಚು ಕಡಿಮೆಯಾಗುತ್ತದೆ. ಅದರ ಆಕಾರ ಬದಲಾಗಿ ನಂಬರೂ ಬದಲಾಗುತ್ತದೆ. ತಮಗೆ ಸಕ್ಕರೆ ಕಾಯಿಲೆ ಇದೆ ಅನ್ನುವುದೇ ಗೊತ್ತಿಲ್ಲದೆ ಕನ್ನಡಕ ಬದಲಿಸಲು ಬಂದವರಲ್ಲಿ ಹೀಗೆ ಪತ್ತೆಯಾಗುವುದುಂಟು. ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲೂ ನಂಬರ್ ಓಲಾಡುತ್ತದೆ. ಸಕ್ಕರೆ ಕೆಲವು ವಾರ ಒಂದೇ ಮಟ್ಟದಲ್ಲಿ ನಿಂತ ಮೇಲೆ ಕನ್ನಡಕ ಮಾಡಿಸಿ. ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

40ರ ನಂತರ ಓದಲು ಪೇಪರ್ ದೂರ ಹಿಡಿಯಬೇಕಾಗಿ ಬಂದರೆ ಅದು ಚಾಳೀಸು. ಅದು ಎಲ್ಲರಿಗೂ ಬರುವಂಥದ್ದು, ಕಾಯಿಲೆಯಲ್ಲ.

ಬಿಪಿ ಕಣ್ಣಿನಲ್ಲಿ ಕಾಣುತ್ತದೆಯೇ?

ಕಾಣುತ್ತದೆ, ಆದರೆ ಅಂಕಿಯಾಗಿ ಅಲ್ಲ. ನಿಮ್ಮ ಬಿಪಿ ಈಗ ಎಷ್ಟಿದೆ ಅಂತ ಕಣ್ಣು ಹೇಳಲಾರದು. ಅದು ರಕ್ತನಾಳಕ್ಕೆ ಏನು ಮಾಡಿದೆ ಅಂತ ಹೇಳುತ್ತದೆ.

ರೆಟಿನಾದಲ್ಲಿ ಅಪಧಮನಿ ಮತ್ತು ಅಭಿಧಮನಿ ಒಂದನ್ನೊಂದು ದಾಟುವ ಜಾಗಗಳಿವೆ. ಅಲ್ಲಿ ಎರಡಕ್ಕೂ ಒಂದೇ ಹೊದಿಕೆ. ಬಿಪಿಯಿಂದ ಅಪಧಮನಿಯ ಗೋಡೆ ದಪ್ಪವಾಗಿ ಗಡುಸಾದರೆ ಕೆಳಗಿನ ಅಭಿಧಮನಿಯನ್ನು ಅದುಮುತ್ತದೆ. ನೀರಿನ ಪೈಪಿನ ಮೇಲೆ ಕಾಲಿಟ್ಟ ಹಾಗೆ. ಹಾಗೆ ಅದುಮಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ ಒಂದು ಬೆಳಗ್ಗೆ ಏಳುವಾಗ ಆ ಕಣ್ಣು ಮಸುಕು.

1939ರಲ್ಲಿ ಕೀತ್, ವ್ಯಾಗನರ್, ಬಾರ್ಕರ್ ಎಂಬ ಮೂವರು ವೈದ್ಯರು ಬಿಪಿಯಿಂದ ಕಣ್ಣಿನಲ್ಲಾಗುವ ಬದಲಾವಣೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ನಾಲ್ಕನೆಯದರಲ್ಲಿ ನರದ ಬಿಲ್ಲೆಯೇ ಊದಿಕೊಂಡಿರುತ್ತದೆ. ಅದನ್ನು ಕಂಡ ಡಾಕ್ಟರು ನಿಮ್ಮನ್ನು ಮನೆಗೆ ಕಳಿಸುವುದಿಲ್ಲ, ಆಸ್ಪತ್ರೆಗೆ ಸೇರಿಸುತ್ತಾರೆ.

ಕರಿಗುಡ್ಡೆಯ ಸುತ್ತ ಬಿಳಿ ಬಳೆ ಕಾಣುತ್ತಿದೆ. ಕೊಲೆಸ್ಟ್ರಾಲ್ ಅಂತಾರೆ, ಹೌದಾ?

ವಯಸ್ಸು ಕೇಳಬೇಕು. ಅರವತ್ತು ದಾಟಿದವರಲ್ಲಿ ಆ ಬಳೆ ಮಾಮೂಲು, ತಲೆಕೂದಲು ನರೆತ ಹಾಗೆ. 40ರ ಒಳಗೆ ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ರೆಪ್ಪೆಯ ಮೂಗಿನ ಕಡೆ ಹಳದಿ ಗಂಟುಗಳು ಬಂದರೂ ಹಾಗೇ. ಅಂಥ ಗಂಟು ಇರುವ ಸುಮಾರು ಅರ್ಧ ಜನರಲ್ಲಿ ಕೊಲೆಸ್ಟ್ರಾಲ್ ಸರಿಯಾಗಿಯೇ ಇರುತ್ತದೆ, ಆದರೂ ನೋಡಿಬಿಡುವುದು ಒಳ್ಳೆಯದು.

ಇವೆರಡಕ್ಕಿಂತ ಗಂಭೀರವಾದದ್ದು ಒಳಗೆ ಕಾಣುವ ಒಂದು ಹೊಳೆಯುವ ಹಳದಿ ಚೂರು. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬು ಚೂರಾಗಿ, ರಕ್ತದ ಜೊತೆ ಬಂದು ರೆಟಿನಾದ ನಾಳದ ಕವಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ಇದನ್ನು 1961ರಲ್ಲಿ ವಿವರಿಸಿದ ಡಾಕ್ಟರ್ ರಾಬರ್ಟ್ ಹಾಲೆನ್‌ಹಾರ್ಸ್ಟ್ ಅವರ ಹೆಸರೇ ಅದಕ್ಕಿದೆ. ಈ ಸಲ ಕಣ್ಣಿಗೆ ಬಂದ ಚೂರು ಮುಂದಿನ ಸಲ ಮೆದುಳಿಗೆ ಹೋಗಬಹುದು. ಹೃದಯ, ಕುತ್ತಿಗೆ ಎರಡರ ತಪಾಸಣೆಗೂ ಕಳಿಸುತ್ತಾರೆ.

ಮೆದುಳಿನ ಗೆಡ್ಡೆ ಕಣ್ಣಿನ ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯಂತೆ?

ಗೆಡ್ಡೆ ಕಾಣುವುದಿಲ್ಲ, ಅದರ ನೆರಳು ಕಾಣಬಹುದು.

ಮೆದುಳಿನ ಸುತ್ತ ಇರುವ ನೀರೇ ಕಣ್ಣಿನ ನರದ ಹೊದಿಕೆಯೊಳಗೂ ಬರುತ್ತದೆ. ತಲೆಯೊಳಗೆ ಒತ್ತಡ ಏರಿದರೆ, ಅದು ಗೆಡ್ಡೆಯಿಂದಾಗಲಿ ಬೇರೆ ಕಾರಣದಿಂದಾಗಲಿ, ಎರಡೂ ಕಣ್ಣಿನ ನರದ ಬಿಲ್ಲೆ ಊದಿಕೊಳ್ಳುತ್ತದೆ. ತಲೆನೋವಿಗೆ ಕನ್ನಡಕ ಬೇಕೇನೋ ಅಂತ ಬಂದವರಲ್ಲಿ ಹೀಗೆ ಸಿಗುವುದುಂಟು. ಹಾಗಂತ ತಲೆನೋವು ಬಂದವರೆಲ್ಲ ಗಾಬರಿಯಾಗಬೇಕಿಲ್ಲ. ಹೆಚ್ಚಿನ ತಲೆನೋವಿಗೆ ಇದು ಕಾರಣವಲ್ಲ.

ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಕೆಳಗೇ ಪಿಟ್ಯುಟರಿ ಗ್ರಂಥಿ ಇದೆ. ಅದು ಗೆಡ್ಡೆಯಾಗಿ ಬೆಳೆದು ಮೇಲಕ್ಕೆ ಒತ್ತಿದರೆ ಎಡಗಣ್ಣಿನ ಎಡಬದಿ, ಬಲಗಣ್ಣಿನ ಬಲಬದಿಯ ನೋಟ ಹೋಗುತ್ತದೆ. ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ. ಜನ ‘ಕಣ್ಣು ಕಾಣಲ್ಲ’ ಅನ್ನುವುದಿಲ್ಲ, ‘ಬಾಗಿಲಿಗೆ ಡಿಕ್ಕಿ ಹೊಡೀತೀನಿ’ ಅನ್ನುತ್ತಾರೆ. ಚುಕ್ಕೆ ಬೆಳಕು ಕಂಡಾಗ ಬಟನ್ ಒತ್ತಿಸುವ ಪರೀಕ್ಷೆ ಇದೆಯಲ್ಲ, ಅದರ ನಕ್ಷೆಯಲ್ಲಿ ಇದು ಎದ್ದು ಕಾಣುತ್ತದೆ.

ಪ್ರಾಯದವರಲ್ಲಿ ಒಂದು ಕಣ್ಣು ಕೆಲವು ದಿನಗಳಲ್ಲಿ ಮಂಜಾಗಿ, ಹೊರಳಿಸಿದರೆ ನೋವಾಗಿ, ಕೆಂಪು ಬಣ್ಣ ಪೇಲವವಾಗಿ ಕಂಡರೆ ಅದು ನರದ ಉರಿಯೂತ ಇರಬಹುದು. ಕೆಲವರಲ್ಲಿ ಅದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಮೆದುಳು, ನರಗಳ ಕಾಯಿಲೆಯ ಮೊದಲ ಗುರುತು.

ಥೈರಾಯ್ಡ್?

ಕಣ್ಣು ಹೊರಗೆ ಬಂದ ಹಾಗೆ ಕಾಣುವುದು, ಮೇಲ್ರೆಪ್ಪೆ ಮೇಲಕ್ಕೆ ಸರಿದು ಬಿಳಿಭಾಗ ಜಾಸ್ತಿ ಕಾಣುವುದು, ಒಂದು ವಸ್ತು ಎರಡಾಗಿ ಕಾಣುವುದು. ಥೈರಾಯ್ಡ್ ಜಾಸ್ತಿಯಾಗುವ ಗ್ರೇವ್ಸ್ ಕಾಯಿಲೆಯಲ್ಲಿ ಇವು ಬರುತ್ತವೆ. ಕೆಲವರಲ್ಲಿ ರಕ್ತ ಪರೀಕ್ಷೆ ಕೆಡುವ ಮುಂಚೆಯೇ ಕಣ್ಣು ಸುಳಿವು ಕೊಡುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಇದು ಹೆಚ್ಚು ಕೆಡುತ್ತದೆ.

ಕೀಲುನೋವಿಗೆ ತೋರಿಸಲು ಹೋದರೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಯಾಕೆ?

ಕೀಲನ್ನು ಹಾಳುಮಾಡುವ ರೋಗನಿರೋಧಕ ಶಕ್ತಿಯೇ ಕಣ್ಣಿನ ಮೇಲೂ ತಿರುಗಿಬೀಳುತ್ತದೆ. ಸಂಧಿವಾತದವರಿಗೆ ಕಣ್ಣು ಒಣಗಬಹುದು, ಬಿಳಿಭಾಗ ಕೆಂಪಾಗಿ ತೀರ ನೋಯಬಹುದು. ಬೆಳಗ್ಗೆ ಬೆನ್ನು ಬಿಗಿದು ಹಿಡಿಯುವ ಹುಡುಗನಿಗೆ ಪದೇ ಪದೇ ಕಣ್ಣು ಕೆಂಪಾಗುತ್ತಿದ್ದರೆ ಎರಡೂ ಒಂದೇ ಕಾಯಿಲೆ ಇರಬಹುದು. ಎಷ್ಟೋ ಸಲ ಬೆನ್ನಿನ ಕಾಯಿಲೆ ಪತ್ತೆಯಾಗುವುದೇ ಕಣ್ಣಿನಿಂದ.

ಕೀಲೂತ ಇರುವ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಅವರಲ್ಲಿ ಕಣ್ಣಿನೊಳಗಿನ ಉರಿಯೂತ ನೋವಿಲ್ಲದೆ, ಕೆಂಪಿಲ್ಲದೆ ಬರಬಹುದು. ಮಗು ಏನೂ ಹೇಳುವುದಿಲ್ಲ. ಅದಕ್ಕೇ ಡಾಕ್ಟರು ಹೇಳಿದ ದಿನ ತಪ್ಪಿಸಬಾರದು.

ಮೆಷಿನ್ ಇಲ್ಲದೆ, ಕನ್ನಡಿಯಲ್ಲೇ ಏನಾದರೂ ಗೊತ್ತಾಗುತ್ತದೆಯೇ?

ಸ್ವಲ್ಪ ಗೊತ್ತಾಗುತ್ತದೆ. ಕೆಳರೆಪ್ಪೆ ಎಳೆದು ನೋಡಿದಾಗ ಒಳಗೆ ತೀರ ಬಿಳಿಚಿದ್ದರೆ ರಕ್ತಹೀನತೆ ಇರಬಹುದು. ಬಿಳಿಭಾಗ ಹಳದಿಯಾದರೆ ಕಾಮಾಲೆ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು 100 ಮಿ.ಲೀ.ಗೆ ಸುಮಾರು 2.5ರಿಂದ 3 ಮಿಲಿಗ್ರಾಂ ದಾಟಿದಾಗ ಅದು ಕಣ್ಣಿಗೆ ಕಾಣುತ್ತದೆ. ಹಗಲು ಬೆಳಕಿನಲ್ಲಿ ನೋಡಬೇಕು. ಕ್ಯಾರೆಟ್ ಅತಿಯಾಗಿ ತಿಂದರೆ ಚರ್ಮ ಹಳದಿಯಾಗಬಹುದು, ಆದರೆ ಕಣ್ಣಿನ ಬಿಳಿ ಬಿಳಿಯಾಗಿಯೇ ಇರುತ್ತದೆ. ವ್ಯತ್ಯಾಸ ತಿಳಿಯಲು ಇದು ಸುಲಭದ ಗುರುತು.

ಅಂದ ಹಾಗೆ, ‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಅನ್ನುವ ಗಾದೆ ನಿಜವಲ್ಲ. ಬಣ್ಣ ಬರುವುದು ಬಿಳಿಭಾಗಕ್ಕೆ, ಬೆಳಕು ಹೋಗುವ ದಾರಿಗಲ್ಲ. ಗಾದೆ ಮಾಡಿದವರು ರೋಗಿಯನ್ನು ಕೇಳಿರಲಿಕ್ಕಿಲ್ಲ.

ಕತ್ತಲಾದ ಮೇಲೆ ಮಗು ಎಡವುತ್ತಿದ್ದರೆ, ಬಿಳಿಭಾಗದ ಮೇಲೆ ನೊರೆಯಂಥ ಮಚ್ಚೆ ಇದ್ದರೆ, ಅದು ಎ ವಿಟಮಿನ್ ಕೊರತೆಯಿಂದ ಬರುವ ಇರುಳುಗಣ್ಣು ಇರಬಹುದು. ಬೇಗ ತೋರಿಸಿದರೆ ವಾಸಿಯಾಗುತ್ತದೆ. ಬಿಟ್ಟರೆ ಕಾರ್ನಿಯಾವೇ ಕರಗಬಹುದು.

ನಾನು ತೆಗೆದುಕೊಳ್ಳುವ ಮಾತ್ರೆಗೂ ಕಣ್ಣಿಗೂ ಸಂಬಂಧ ಇದೆಯೇ?

ಕೆಲವಕ್ಕೆ ಇದೆ. ಸಂಧಿವಾತಕ್ಕೆ, ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಮ್ಯಾಕುಲಾಗೆ ಪೆಟ್ಟಾಗಬಹುದು. ಶುರು ಮಾಡಿದ ಮೊದಲ ವರ್ಷದಲ್ಲಿ ಒಮ್ಮೆ ಪರೀಕ್ಷೆ, 5 ವರ್ಷದ ನಂತರ ವರ್ಷ ವರ್ಷವೂ. ಬೇರೆ ಅಪಾಯದ ಕಾರಣಗಳಿದ್ದರೆ ಅದಕ್ಕಿಂತ ಮುಂಚೆಯೇ. ಕ್ಷಯಕ್ಕೆ ಕೊಡುವ ಎಥಾಂಬುಟಾಲ್ ಕಣ್ಣಿನ ನರವನ್ನು ಕೆಡಿಸಬಹುದು. ಕೆಂಪು ಹಸಿರು ಬಣ್ಣಗಳು ಮಾಸಿದ ಹಾಗೆ ಕಂಡರೆ ಕೂಡಲೇ ಹೇಳಬೇಕು. ಸ್ಟೀರಾಯ್ಡ್ ಮಾತ್ರೆಯಾಗಲಿ ಡ್ರಾಪ್ಸ್ ಆಗಲಿ, ಬಹಳ ದಿನ ಬಳಸಿದರೆ ಪೊರೆಯೂ ಬರಬಹುದು, ಒತ್ತಡವೂ ಏರಬಹುದು. ಕಣ್ಣು ಕೆಂಪಾಯಿತು ಅಂತ ಹಳೆಯ ಸ್ಟೀರಾಯ್ಡ್ ಡ್ರಾಪ್ಸನ್ನು ತಾವೇ ಹಾಕಿಕೊಳ್ಳುವುದು ದೊಡ್ಡ ತಪ್ಪು.

ಹೆದರಿ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಮಕ್ಕಳಿಗೆ ಯಾವಾಗ ಪರೀಕ್ಷೆ ಮಾಡಿಸಬೇಕು?

ಶಾಲೆಗೆ ಸೇರಿಸುವ ಮುಂಚೆ ಒಮ್ಮೆ. ಮೆದುಳು ನೋಡಲು ಕಲಿಯುವುದು ಸುಮಾರು 7, 8 ವರ್ಷದವರೆಗೆ. ಆ ಹೊತ್ತಿನಲ್ಲಿ ಒಂದು ಕಣ್ಣಿನ ಚಿತ್ರ ಮಸುಕಾಗಿದ್ದರೆ ಮೆದುಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದನ್ನೇ ಸೋಮಾರಿ ಕಣ್ಣು ಅನ್ನುತ್ತಾರೆ. ಮಗು ದೂರುವುದಿಲ್ಲ, ಯಾಕೆಂದರೆ ಅದಕ್ಕೆ ಬೇರೆ ಥರ ನೋಡಿ ಗೊತ್ತೇ ಇಲ್ಲ. ಮೆಳ್ಳೆಗಣ್ಣು ಅದೃಷ್ಟ ಅನ್ನುವ ಮಾತು ಕೇಳಿ ಸುಮ್ಮನಿರಬೇಡಿ.

ಫ್ಲ್ಯಾಷ್ ಫೋಟೋದಲ್ಲಿ ಪಾಪೆ ಕೆಂಪಿನ ಬದಲು ಬೆಳ್ಳಗೆ ಹೊಳೆದರೆ ಆ ವಾರವೇ ತೋರಿಸಿ. ಪೊರೆ ಇರಬಹುದು. ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಕೂಡ ಇರಬಹುದು. ಬೇಗ ಸಿಕ್ಕರೆ ಮಗುವಿನ ಜೀವ ಉಳಿಯುವ ಸಾಧ್ಯತೆ ತುಂಬ ಹೆಚ್ಚು.

ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಮೊದಲ ಕೆಲವು ವಾರಗಳಲ್ಲೇ ರೆಟಿನಾ ನೋಡಿಸಬೇಕು. ಅಲ್ಲಿ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ.

ಓಸಿಟಿ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ನೋವಾಗುತ್ತದೆಯೇ?

ಇಲ್ಲ. ಅದರಲ್ಲಿ ಎಕ್ಸ್‌ರೇ ಇಲ್ಲ, ಬರೀ ಬೆಳಕು. ರೆಟಿನಾದ ಪದರಗಳನ್ನು ಕೇಕ್ ಕತ್ತರಿಸಿ ಪಕ್ಕದಿಂದ ನೋಡಿದ ಹಾಗೆ ತೋರಿಸುತ್ತದೆ. ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕ ವ್ಯತ್ಯಾಸವೂ ಸಿಗುತ್ತದೆ. 1991ರಲ್ಲಿ ಈ ತಂತ್ರ ಪ್ರಕಟವಾಯಿತು. ಮ್ಯಾಕುಲಾದ ಊತ, ಗ್ಲಾಕೋಮಾದಲ್ಲಿ ನರದ ಪದರ ತೆಳುವಾಗುವುದು, ಎರಡಕ್ಕೂ ಇದು ಬೇಕು.

ಕಣ್ಣಿನ ಫೋಟೋ ನೋಡಿ ಎಐ ಎಲ್ಲ ಹೇಳಿಬಿಡುತ್ತದಂತೆ?

ಎಲ್ಲ ಅಲ್ಲ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಶುಗರ್‌ನಿಂದ ಕಣ್ಣಿಗೆ ಆಗುವ ಹಾನಿಯನ್ನು ಡಾಕ್ಟರ ನೆರವಿಲ್ಲದೆ ಗುರುತಿಸುವ ಮೊದಲ ಎಐ ಸಾಧನಕ್ಕೆ ಅನುಮತಿ ಕೊಟ್ಟಿತು. ಅದೇ ವರ್ಷ ಗೂಗಲ್‌ನ ಸಂಶೋಧಕರು ರೆಟಿನಾದ ಫೋಟೋದಿಂದ ವಯಸ್ಸು, ಗಂಡೋ ಹೆಣ್ಣೋ, ಬಿಪಿ, ಸಿಗರೇಟು ಸೇದುತ್ತಾರೋ ಅನ್ನುವುದನ್ನೆಲ್ಲ ಅಂದಾಜು ಮಾಡಬಹುದು ಅಂತ ತೋರಿಸಿದರು. ಗಂಡೋ ಹೆಣ್ಣೋ ಅಂತ ರೆಟಿನಾ ನೋಡಿ ಹೇಳಲು ಅನುಭವಿ ಡಾಕ್ಟರಿಗೂ ಬರುವುದಿಲ್ಲ! ಮರೆವಿನ ಕಾಯಿಲೆ, ಹೃದಯಾಘಾತ ಇವನ್ನು ಕಣ್ಣಿನಿಂದ ಮೊದಲೇ ತಿಳಿಯುವ ಪ್ರಯತ್ನ ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಕಣ್ಣಿನ ಬಣ್ಣದ ವೃತ್ತ ನೋಡಿ ಕಿಡ್ನಿ, ಲಿವರ್ ಕಾಯಿಲೆ ಹೇಳುವವರಿದ್ದಾರಲ್ಲ?

ಅದು ಇರಿಡಾಲಜಿ. ಪಾಪೆಯ ಸುತ್ತಲಿನ ಬಣ್ಣದ ಭಾಗವನ್ನು ಹೋಳು ಮಾಡಿ, ಈ ಹೋಳು ಲಿವರ್, ಆ ಹೋಳು ಕಿಡ್ನಿ ಅನ್ನುತ್ತಾರೆ. ಇದಕ್ಕೆ ವಿಜ್ಞಾನದ ಆಧಾರ ಇಲ್ಲ. 1979ರಲ್ಲಿ 143 ಜನರ ಕಣ್ಣಿನ ಫೋಟೋಗಳನ್ನು ಇರಿಡಾಲಜಿಯವರಿಗೇ ಕೊಟ್ಟು ಯಾರಿಗೆ ಕಿಡ್ನಿ ಕಾಯಿಲೆ ಇದೆ ಹೇಳಿ ಅಂದರು. ಅವರಿಗೆ ಗುರುತಿಸಲು ಆಗಲಿಲ್ಲ.

ಕಣ್ಣಿನ ಡಾಕ್ಟರು ಹೇಳುವುದಕ್ಕೂ ಒಂದು ಮಿತಿ ಇದೆ. ಅವರು ಸಂದೇಹ ಎತ್ತುತ್ತಾರೆ. ಶುಗರ್ ಹೌದೋ ಅಲ್ಲವೋ ಅನ್ನುವುದನ್ನು ರಕ್ತ ಪರೀಕ್ಷೆಯೇ ಹೇಳಬೇಕು.

ಎಷ್ಟು ವರ್ಷಕ್ಕೊಮ್ಮೆ ತೋರಿಸಬೇಕು?

ಯಾವ ತೊಂದರೆ ಇಲ್ಲದಿದ್ದರೂ 40ಕ್ಕೆ ಒಂದು ಪೂರ್ತಿ ಪರೀಕ್ಷೆ ಆಗಲಿ ಅನ್ನುತ್ತದೆ ಅಮೆರಿಕದ ನೇತ್ರತಜ್ಞರ ಸಂಘ. 65ರ ನಂತರ ವರ್ಷ ಎರಡು ವರ್ಷಕ್ಕೊಮ್ಮೆ. ಶುಗರ್, ಮನೆಯಲ್ಲಿ ಗ್ಲಾಕೋಮಾ, ಜಾಸ್ತಿ ಮೈನಸ್ ನಂಬರ್ ಇದ್ದರೆ ಈ ಲೆಕ್ಕ ನಿಮಗಲ್ಲ. ನಿಮ್ಮ ಡಾಕ್ಟರು ಹೇಳಿದಾಗ ಹೋಗಿ.

ಯಾವುದಕ್ಕೆ ಅದೇ ದಿನ ಓಡಬೇಕು?

ಕಣ್ಣ ಮುಂದೆ ಒಮ್ಮೆಲೇ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಅಂಚಿನಿಂದ ಪರದೆ ಇಳಿದ ಹಾಗೆ ಆದರೆ ರೆಟಿನಾ ಕಳಚುತ್ತಿರಬಹುದು. ಒಂದು ಕಣ್ಣು ಕೆಲವು ನಿಮಿಷ ಪೂರ್ತಿ ಕತ್ತಲಾಗಿ ಮತ್ತೆ ಸರಿಯಾದರೆ ‘ಸರಿಹೋಯಿತಲ್ಲ’ ಅಂತ ಮಲಗಬೇಡಿ, ಅದು ಪಾರ್ಶ್ವವಾಯುವಿನ ಮುನ್ಸೂಚನೆ ಇರಬಹುದು. ರೆಪ್ಪೆ ಜೋತುಬಿದ್ದು ಪಾಪೆ ದೊಡ್ಡದಾಗಿ, ತಲೆ ಸಿಡಿಯುತ್ತಿದ್ದರೆ ಮೆದುಳಿನ ರಕ್ತನಾಳ ಉಬ್ಬಿರಬಹುದು. ಕಣ್ಣು ಕೆಂಪಾಗಿ ತೀರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಒತ್ತಡ ಒಮ್ಮೆಲೇ ಏರಿದೆ. 50 ದಾಟಿದವರಿಗೆ ಹಣೆಯ ಪಕ್ಕ ನೋವು, ಅಗಿಯುವಾಗ ದವಡೆ ನೋವು, ಜೊತೆಗೆ ಕಣ್ಣು ಮಂಜಾದರೆ ತಡಮಾಡಬಾರದು. ಅದು ರಕ್ತನಾಳದ ಉರಿಯೂತವಾಗಿದ್ದರೆ ಇನ್ನೊಂದು ಕಣ್ಣೂ ಹೋಗಬಹುದು.

ಸುಣ್ಣವೋ ಆಸಿಡ್ಡೋ ಬಿದ್ದರೆ ಮೊದಲು ನೀರು. ಕನಿಷ್ಠ 15 ನಿಮಿಷ ಎಡೆಬಿಡದೆ ತೊಳೆದು ಆಮೇಲೆ ಹೊರಡಿ.

ಪರೀಕ್ಷೆಗೆ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?

ಈಗಿನ ಕನ್ನಡಕ, ಹಳೆಯ ಚೀಟಿ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ. ಎಲ್ಲ ಅಂದರೆ ಎಲ್ಲ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ನುಂಗುವ ಗಂಡಸರು ‘ಅದಕ್ಕೂ ಕಣ್ಣಿಗೂ ಏನು’ ಅಂತ ಹೇಳುವುದೇ ಇಲ್ಲ. ಆ ಮಾತ್ರೆಯಿಂದ ಪಾಪೆ ಸರಿಯಾಗಿ ಹಿಗ್ಗುವುದಿಲ್ಲ, ಪೊರೆಯ ಆಪರೇಷನ್ ನಡುವೆ ಕಣ್ಣಿನ ಬಣ್ಣದ ಭಾಗ ಸಡಿಲ ಬಟ್ಟೆಯ ಹಾಗೆ ಅಲೆಯುತ್ತದೆ. ಮೊದಲೇ ಗೊತ್ತಿದ್ದರೆ ಸರ್ಜನ್ ತಯಾರಾಗಿ ಬರುತ್ತಾರೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದರ ಡಬ್ಬಿಯನ್ನೂ ಇಟ್ಟುಕೊಳ್ಳಿ, ಡ್ರಾಪ್ಸ್ ಹಾಕುವ ಮುಂಚೆ ತೆಗೆಯಬೇಕಾಗುತ್ತದೆ. ವಾಪಸು ಕರೆದುಕೊಂಡು ಬರಲು ಒಬ್ಬರು ಜೊತೆಗಿರಲಿ.